ಭಾನುವಾರಕ್ಕೊಂದು ಹೊಸ ಸಂಗೀತ

1722ನೆಯ ಇಸವಿಯ ಜೂನ್ ತಿಂಗಳಿನಲ್ಲಿ, ಜರ್ಮನಿಯ ಸ್ಯಾಕ್ಸನಿ ಪ್ರಾಂತಕ್ಕೆ ಸೇರಿದ ಲೈಪ್‌ಜಿಗ್ ನಗರದಲ್ಲಿ ಯೋಹಾನ್ ಕೂನಾವ್ ಎಂಬ ಸಂಗೀತಾಚಾರ್ಯನು ತೀರಿಕೊಂಡು, ಅಲ್ಲಿಯ ಸಂತ ಥಾಮಸ್ ಶಾಲೆಯ ಕ್ಯಾಂಟರ್ ಪದವಿಯು ತೆರವಾದಾಗ, ಅದನ್ನು ತುಂಬುವ ಹೊಣೆ ಹೊತ್ತಿದ್ದ ನಗರಸಭೆಯ ಸದಸ್ಯರಿಗೆ ಬೇಕಾಗಿದ್ದವನು ಬಾಲಕರಿಗೆ ಪಾಠ ಹೇಳಬಲ್ಲ, ಭಾನುವಾರಗಳಂದು ಚರ್ಚುಗಳಲ್ಲಿ ಸಂಗೀತವನ್ನು ನಡೆಸಬಲ್ಲ, ಶವಯಾತ್ರೆಗಳಲ್ಲಿ ಹಾಡುವ ಮಕ್ಕಳನ್ನು ಶಿಸ್ತಿನಿಂದ ಕರೆದೊಯ್ಯಬಲ್ಲ ಒಬ್ಬ ಸಚ್ಚರಿತ್ರನಾದ ಉದ್ಯೋಗಸ್ಥನಷ್ಟೆ. ಮೊದಲು ಅವರು ಆರಿಸಿದುದು ಗೇಯೋರ್ಗ್ ಫಿಲಿಪ್ ಟೆಲೆಮಾನ್‌ನನ್ನು. ಆದರೆ ಆತನಿದ್ದ ಹ್ಯಾಂಬರ್ಗಿನವರು ಸಂಬಳವನ್ನು ಹೆಚ್ಚಿಸಿ ಅವನನ್ನು ಅಲ್ಲಿಯೇ ಉಳಿಸಿಕೊಂಡರು. ಅನಂತರ ಕಣ್ಣು ಹೋದುದು ಕ್ರಿಸ್ಟೋಫ್ ಗ್ರಾವ್‌ಪ್ನರ್‌ನತ್ತ; ಅವನನ್ನು ಡಾರ್ಮ್‌ಸ್ಟಾಟಿನ ದೊರೆಯು ಬಿಟ್ಟುಕೊಡಲಿಲ್ಲ. ಹೀಗೆ ಇಬ್ಬರು ಕೈತಪ್ಪಿದ ಮೇಲೆ, 1723ರ ಏಪ್ರಿಲ್ 22ರಂದು, ಕೋಥೆನ್ ಸಂಸ್ಥಾನದ ಆಸ್ಥಾನಸಂಗೀತದ ಮುಖ್ಯಸ್ಥನಾಗಿದ್ದ ಯೋಹಾನ್ ಸೆಬಾಸ್ಟಿಯನ್ ಬಾಖನು ಆ ಪದವಿಗೆ ಆಯ್ಕೆಯಾದನು.

ಉತ್ತಮರು ದೊರೆಯದಿದ್ದರೆ ಮಧ್ಯಮರಿಂದಲೇ ತೃಪ್ತಿ ಹೊಂದಬೇಕಾದೀತೆಂದು ಸಭೆಯ ಸದಸ್ಯನೊಬ್ಬನು ಈ ಪ್ರಸಂಗದಲ್ಲಿ ಆಡಿದ ಮಾತು ಸಭೆಯ ನಡಾವಳಿಯಲ್ಲಿ ಉಳಿದುಬಂದಿದೆ; ಆ ಮಾತನ್ನು ಎತ್ತಿ ಹೇಳಿ ಆ ವರ್ತಕರನ್ನೂ ನ್ಯಾಯಾಧಿಕಾರಿಗಳನ್ನೂ ಪರಿಹಾಸ ಮಾಡುವುದು ಬಾಖನನ್ನು ಕುರಿತು ಬರೆಯುವವರಲ್ಲಿ ಒಂದು ರೂಢಿಯೇ ಆಗಿಹೋಗಿದೆ. ನನಗೆ ಆ ಪರಿಹಾಸವು ನ್ಯಾಯವೆಂದು ತೋರುವುದಿಲ್ಲ. ಟೆಲೆಮಾನ್‌ನ ಕೀರ್ತಿಯು ಆಗ ಜರ್ಮನಿಯ ತುಂಬ ಹಬ್ಬಿತ್ತು. ಅವನು ಅದೇ ಊರಿನ ವಿದ್ಯಾಪೀಠದಲ್ಲಿ ಓದಿದವನು, ಅಲ್ಲಿಯ ಸಂಗೀತಗೋಷ್ಠಿಯನ್ನು ಕಟ್ಟಿದವನು. ಬಾಖನಾದರೋ ವಿದ್ಯಾಪೀಠದ ಮೆಟ್ಟಿಲು ಹತ್ತಿದವನಲ್ಲ. ಆರ್ಗನ್ ವಾದ್ಯದಲ್ಲಿ ಅಸಾಧಾರಣನೆಂಬುದರ ಹೊರತು ಅವನ ವಿಷಯದಲ್ಲಿ ಹೊರಗಿನವರಿಗೆ ತಿಳಿದಿದ್ದುದು ಸ್ವಲ್ಪವೇ. ಇಂದು ನಾವು ಆ ಹೆಸರಿನ ಸುತ್ತ ಕಾಣುವ ಪ್ರಭೆಯನ್ನೆಲ್ಲ ಅವರು ಅಂದೇ ಕಂಡಿರಬೇಕಿತ್ತೆನ್ನುವುದು ಅತಿಯಾದ ಅಪೇಕ್ಷೆ. ಅದಕ್ಕಿಂತ ಲಾಭದಾಯಕವಾದ ವಿಚಾರವೆಂದರೆ, ಆ ಊರು ಸಂಗೀತವನ್ನು ಯಾವ ಏರ್ಪಾಡಿನಿಂದ ನಡೆಸಿಕೊಂಡು ಬರುತ್ತಿತ್ತು, ಆ ಏರ್ಪಾಡಿನೊಳಗೆ ಎಷ್ಟು ಜನರ ದುಡಿಮೆಯು ಸೇರಿತ್ತು ಎಂಬುದು. ಬಾಖನ ಕೃತಿಗಳನ್ನು ಒಂಟಿ ಶಿಖರವೊಂದರಿಂದ ಇಳಿದುಬಂದ ಧ್ವನಿಯೆಂದು ಕೇಳುವ ಅಭ್ಯಾಸ ನಮ್ಮದು. ಒಂದು ಊರಿನ ವಾರದ ಕಟ್ಟಳೆಯೊಳಗಿಂದ ಎದ್ದ ಧ್ವನಿಯೆಂದು ಅವನ್ನು ಕೇಳಿದರೆ ಅವುಗಳ ಮಹಿಮೆಯು ಕುಂದುವುದಿಲ್ಲ, ನನ್ನ ಮಟ್ಟಿಗಂತೂ ಇಮ್ಮಡಿಯಾಗಿದೆ.

ಲೈಪ್‌ಜಿಗ್ ರಾಜಧಾನಿಯಲ್ಲ. ಸ್ಯಾಕ್ಸನಿಯ ಅರಸನೂ ಅವನ ವೈಭವಯುತವಾದ ವಾದ್ಯವೃಂದವೂ ಇದ್ದುದು ಡ್ರೆಸ್ಡೆನ್ ನಗರದಲ್ಲಿ. ಸುಮಾರು 30,000 ಜನರಿದ್ದ ಲೈಪ್‌ಜಿಗ್ ವರ್ತಕರ ಮತ್ತು ವಿದ್ವಾಂಸರ ಊರು. ಹೊಸ ವರ್ಷದಲ್ಲಿ, ಈಸ್ಟರಿನ ಅನಂತರ, ಶರತ್ಕಾಲದ ಸಂತ ಮೈಕೇಲನ ಹಬ್ಬದಲ್ಲಿ, ಹೀಗೆ ವರ್ಷಕ್ಕೆ ಮೂರು ಬಾರಿ ಅಲ್ಲಿ ನೆರೆಯುತ್ತಿದ್ದ ಮಹಾಸಂತೆಗೆ ದೂರದೂರದ ನಾಡುಗಳಿಂದ ಸರಕೂ ಜನವೂ ಬರುತ್ತಿದ್ದು, ಪುಸ್ತಕವ್ಯಾಪಾರಕ್ಕಂತೂ ಅದು ಜರ್ಮನಿಯ ಮುಖ್ಯ ಸ್ಥಾನವೇ ಆಗಿತ್ತು. 1693ರಲ್ಲಿ ಅಲ್ಲಿ ಒಂದು ಆಪೆರಾ ರಂಗಮಂದಿರವು ಪ್ರಾರಂಭವಾಗಿ, ಸಂತೆಯ ದಿನಗಳಲ್ಲಿ ಆಟಗಳನ್ನಾಡಿ, 1720ರಲ್ಲಿ ಮುಚ್ಚಿಹೋಗಿತ್ತು. ಆದುದರಿಂದ ಬಾಖನು ಬಂದ ಕಾಲಕ್ಕೆ ಊರಿನ ಸಂಗೀತವೆಲ್ಲವೂ ಮೂರು ಆಶ್ರಯಗಳಲ್ಲಿ ನೆಲೆಸಿತ್ತೆನ್ನಬಹುದು: ಚರ್ಚು, ಬೀದಿ, ಕಾಫಿ ಮನೆ. ನಗರಸಭೆಯ ಸಂಬಳ ಪಡೆಯುತ್ತಿದ್ದ ವಾದ್ಯಗಾರರು ದಿನಕ್ಕೆರಡು ಬಾರಿ ಪುರಭವನದ ಗೋಪುರದಿಂದ ಕಹಳೆಯೂದಿ ಊರಿಗೆಲ್ಲ ನಾದವನ್ನು ಕೇಳಿಸುತ್ತಿದ್ದರು. ಥಾಮಸ್ ಶಾಲೆಯ ಹುಡುಗರು ಬೀದಿಗಳಲ್ಲಿ ಹಾಡಿ, ಮನೆಮನೆಯಿಂದ ಬಂದ ಕಾಣಿಕೆಯನ್ನು ಶಾಲೆಗೆ ತರುತ್ತಿದ್ದರು.

ಈ ಶಾಲೆಯ ಸ್ವರೂಪವನ್ನು ಅರಿಯದೆ ಮುಂದಿನದು ಅರ್ಥವಾಗದು. ಅದು ಮೂಲತಃ ಬಡ ಬಾಲಕರನ್ನು ಊಟ ವಸತಿಗಳೊಡನೆ ಪೋಷಿಸಿ, ಅದಕ್ಕೆ ಪ್ರತಿಯಾಗಿ ಅವರ ಕಂಠವನ್ನು ದೇವರ ಸೇವೆಗೆ ಪಡೆಯುತ್ತಿದ್ದ ವಿದ್ಯಾಶಾಲೆ. ಅಲ್ಲಿ ನಿವಾಸಿಗಳಾಗಿದ್ದ ಹುಡುಗರ ಸಂಖ್ಯೆ ಸುಮಾರು 55. ಅವರನ್ನು ನಾಲ್ಕು ಮೇಳಗಳನ್ನಾಗಿ ಹಂಚಿ ನಾಲ್ಕು ಚರ್ಚುಗಳಿಗೆ ಕಳುಹಿಸಬೇಕು. ಸಂಗೀತದ ಗಂಧವೇ ಇಲ್ಲದವರು ಸಂತ ಪೀಟರನ ಚರ್ಚಿನಲ್ಲಿ ಬರಿಯ ಸ್ತುತಿಗೀತೆಗಳನ್ನು ಹಾಡಿ ಬರುವರು. ಮೊದಲನೆಯ ಮೇಳವು ಮಾತ್ರ ಕ್ಯಾಂಟರನ ಕೈಕೆಳಗೆ, ಒಂದು ವಾರ ಸಂತ ಥಾಮಸನ ಚರ್ಚಿನಲ್ಲಿ, ಮರುವಾರ ಸಂತ ನಿಕೊಲಾಸನ ಚರ್ಚಿನಲ್ಲಿ, ವಾದ್ಯಸಮೇತವಾದ ಕ್ಯಾಂಟಾಟಾ ಎಂಬ ದೊಡ್ಡ ಕೃತಿಯನ್ನು ಹಾಡತಕ್ಕದ್ದು. ಕ್ಯಾಂಟರನಿಗೆ ವಾಸಸ್ಥಾನವೂ ಆ ಶಾಲೆಯ ಕಟ್ಟಡದಲ್ಲಿಯೇ. ಲ್ಯಾಟಿನ್ ಪಾಠ ಹೇಳುವುದೂ ಆ ಹುದ್ದೆಗೆ ಅಂಟಿಕೊಂಡಿದ್ದ ಕರ್ತವ್ಯವಾಗಿದ್ದು, ಬಾಖನು ವರ್ಷಕ್ಕೆ 50 ಥಾಲರುಗಳನ್ನು ತನ್ನ ಕೈಯಿಂದಲೇ ಸಹೋದ್ಯೋಗಿಯೊಬ್ಬನಿಗೆ ಕೊಟ್ಟು ಅದರಿಂದ ಬಿಡುಗಡೆ ಪಡೆದನು. ಮೇ 22ರ ಶನಿವಾರ ನಾಲ್ಕು ಬಂಡಿಗಳ ತುಂಬ ಮನೆಯ ಸಾಮಾನನ್ನು ಹೇರಿಸಿ, ಎರಡು ಸಾರೋಟುಗಳಲ್ಲಿ ಸಂಸಾರವನ್ನು ಕೂಡಿಸಿಕೊಂಡು ಅವನು ಊರು ಸೇರಿದ ಸುದ್ದಿಯು ವೃತ್ತಪತ್ರಿಕೆಯಲ್ಲಿ ಅಚ್ಚಾಯಿತು. ಎಂಟು ದಿನಗಳ ಅನಂತರ, ಮೇ 30ರ ಭಾನುವಾರ, ಸಂತ ನಿಕೊಲಾಸನ ಚರ್ಚಿನಲ್ಲಿ ಅವನ ಮೊದಲ ಕ್ಯಾಂಟಾಟಾ ಕೇಳಿಬಂದಿತು.

ಆ ಭಾನುವಾರಗಳನ್ನು ಕೊಂಚ ನಿಧಾನವಾಗಿಯೇ ನೋಡಬೇಕು. ಆರಾಧನೆಯು ಬೆಳಗ್ಗೆ ಏಳು ಗಂಟೆಗೆ ಪ್ರಾರಂಭವಾಗಿ ಮೂರು ನಾಲ್ಕು ಗಂಟೆಗಳ ಕಾಲ ನಡೆಯುತ್ತಿತ್ತು. ಅದರ ನಡುವೆ ಸುವಾರ್ತೆಯ ಪಠನವಾದ ಮೇಲೆ ಸುಮಾರು ಅರ್ಧಗಂಟೆಯ ಕ್ಯಾಂಟಾಟಾ, ಅದರ ಬೆನ್ನಿಗೆ ಒಂದು ಗಂಟೆಯ ಧರ್ಮೋಪದೇಶ, ಕೃತಿಯು ದೀರ್ಘವಾಗಿದ್ದರೆ ಅದರ ಎರಡನೆಯ ಭಾಗವು ಉಪದೇಶದ ಅನಂತರ. ಅಂದಿನ ಪಠನದಲ್ಲಿ ಬಂದ ವಾಕ್ಯದ ಅರ್ಥವನ್ನು ಉಪದೇಶಕನು ಮಾತಿನಲ್ಲಿ ಬಿಡಿಸಿದರೆ ಕ್ಯಾಂಟರನು ರಾಗದಲ್ಲಿ ಬಿಡಿಸಬೇಕೆಂಬುದು ಆ ಪದ್ಧತಿಯ ಮರ್ಮ. ಸಾಹಿತ್ಯವನ್ನು ಚಿಕ್ಕ ಪುಸ್ತಿಕೆಗಳಾಗಿ ಮುದ್ರಿಸಿ ಮೊದಲೇ ಮಾರುತ್ತಿದ್ದುದರಿಂದ ಭಕ್ತರು ಅದನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಆಗಮನಕಾಲದ ಕೊನೆಯ ಮೂರು ಭಾನುವಾರಗಳನ್ನೂ ತಪಸ್ಸುಕಾಲವನ್ನೂ ಬಿಟ್ಟರೆ, ಹಬ್ಬಗಳೂ ಸೇರಿ ವರ್ಷಕ್ಕೆ ಸುಮಾರು ಅರುವತ್ತು ಕ್ಯಾಂಟಾಟಾಗಳು ಬೇಕಾಗುತ್ತಿದ್ದುವು. ಬಂದ ಮೊದಲ ವರ್ಷಗಳಲ್ಲಿ ಬಾಖನು ಇವುಗಳ ಬಹುಭಾಗವನ್ನು ತಾನೇ ಹೊಸದಾಗಿ ರಚಿಸಿದನು. ಐದು ವರ್ಷಗಳಿಗೆ ಸಾಲುವಷ್ಟು ಬರೆದಿದ್ದನೆಂದು ಅವನ ಮರಣಾನಂತರದ ಚರಿತ್ರೆಯು ಹೇಳುತ್ತದೆ. ನಮಗೆ ಉಳಿದುಬಂದಿರುವುವು ಸುಮಾರು ಇನ್ನೂರು.

ಒಂದು ವಾರದಲ್ಲಿ ಇಷ್ಟೆಲ್ಲ ಹೇಗೆ ಸಾಧ್ಯವಾಯಿತೆಂಬುದಕ್ಕೆ ಆ ಹಸ್ತಪ್ರತಿಗಳೇ ಸಾಕ್ಷಿ. ಐದು ಮೊನೆಗಳ ಲೇಖನಿಯಿಂದ ಒಂದೇ ಎಳೆತಕ್ಕೆ ಐದು ಗೆರೆಗಳನ್ನೆಳೆದ ಕಾಗದದ ಮೇಲೆ ಸ್ವರಗಳು ಓಡುತ್ತವೆ. ಪುಟವು ಮುಗಿದು, ಮಸಿಯು ಇನ್ನೂ ಹಸಿಯಾಗಿದ್ದು ಹಾಳೆಯನ್ನು ಮಗುಚಲಾಗದಿದ್ದಾಗ, ಮನಸ್ಸಿನಲ್ಲಿ ಮುಂದಕ್ಕೆ ಹರಿಯುತ್ತಿದ್ದ ರಾಗವು ಮರೆತುಹೋಗದಂತೆ ಅದೇ ಪುಟದ ಅಡಿಯಂಚಿನಲ್ಲಿ ಮುಂದಿನ ಕೆಲವು ಸ್ವರಗಳನ್ನು ಅವನು ಗುರುತು ಹಾಕಿಕೊಂಡಿರುವುದನ್ನು ಹಲವು ಕಡೆ ಕಾಣಬಹುದು. ಕಾಲದ ಅಭಾವವನ್ನೂ ಕಲ್ಪನೆಯ ವೇಗವನ್ನೂ ಒಂದೇ ಸಲಕ್ಕೆ ತೋರುವ ಇಂಥ ಗುರುತುಗಳ ಮುಂದೆ ಎಷ್ಟೋ ದೀರ್ಘ ವಿಮರ್ಶೆಗಳು ಮಂಕಾಗುತ್ತವೆ. ಮೂಲಪ್ರತಿಯು ಸಿದ್ಧವಾದೊಡನೆ, ಪ್ರತಿಯೊಬ್ಬ ಗಾಯಕನಿಗೂ ವಾದಕನಿಗೂ ಅವನವನ ಪಾಲನ್ನು ಬೇರೆಬೇರೆ ಹಾಳೆಗಳಲ್ಲಿ ಪ್ರತಿ ಮಾಡುವ ಕಾರ್ಯ. ಇದರಲ್ಲಿ ಶಾಲೆಯ ಹುಡುಗರು, ಬಾಖನ ಮಕ್ಕಳು, ಅವನ ಪತ್ನಿ, ಎಲ್ಲರೂ ಕೂಡಿ ಬರೆದರು. ಹಿಂದಿನ ಕ್ಯಾಂಟರನ ಸೋದರನ ಮಗನಾದ ಯೋಹಾನ್ ಆಂಡ್ರೆಯಾಸ್ ಕೂನಾವ್ ಎಂಬ ವಿದ್ಯಾರ್ಥಿಯ ಅಕ್ಷರವು ಆ ಮೊದಲ ವರ್ಷಗಳ ಹಾಳೆಗಳಲ್ಲಿ ಎಲ್ಲೆಲ್ಲಿಯೂ ಇದೆ. ಆರ್ಗನ್‌ನ ಪಾಲನ್ನು ಬರೆಯುವಾಗ ಇನ್ನೊಂದು ಎಚ್ಚರ: ಆ ಚರ್ಚುಗಳ ಆರ್ಗನ್‌ಗಳ ಶ್ರುತಿಯು ಉಳಿದ ವಾದ್ಯಗಳ ಶ್ರುತಿಗಿಂತ ಒಂದು ಪೂರ್ಣಸ್ವರದಷ್ಟು ಮೇಲಿದ್ದುದರಿಂದ, ಅದನ್ನು ಅಷ್ಟು ತಗ್ಗಿಸಿ ಬರೆದರೆ ಮಾತ್ರ ಮೇಳ ಕೂಡುತ್ತಿತ್ತು. ಇದೆಲ್ಲ ಮುಗಿದು ಬಾಲಕರ ಕೈಗೆ ಹಾಳೆ ಸೇರುವ ವೇಳೆಗೆ ಅಭ್ಯಾಸಕ್ಕೆ ಉಳಿಯುತ್ತಿದ್ದುದು ಬಹಳವಾದರೆ ಶನಿವಾರದ ಒಂದು ಸರದಿ. ಮರುದಿನ ಮುಂಜಾನೆ ಆರ್ಗನ್‌ನ ಹಿಂದೆ ತಿದಿಯನ್ನು ತುಳಿಯುವ ಆಳು ತನ್ನ ಸ್ಥಾನದಲ್ಲಿ ನಿಲ್ಲುವನು, ಹುಡುಗರು ಮೇಲಿನ ಮಜಲಿನಲ್ಲಿ ಸೇರುವರು, ಹಿಂದೆ ಯಾರೂ ಕೇಳದ ಒಂದು ಸಂಗೀತವು ಹೊರಡುವುದು. ಮತ್ತೆ ಸೋಮವಾರದಿಂದ ಹೊಸ ಸಾಹಿತ್ಯ, ಹೊಸ ಹಾಳೆ.

ಹಳೆಯದನ್ನು ಮತ್ತೆಮತ್ತೆ ಕೇಳಿ ಸಂತೋಷಿಸುವ ನಮ್ಮ ಕಾಲದ ಅಭ್ಯಾಸವು ಆ ಜನರಿಗೆ ಹೊಸದಾಗಿ ತೋರೀತು. ಅವರಿಗೆ ಸಂಗೀತವೆಂದರೆ ಈ ವಾರದ ಸಂಗೀತ. 1727ರ ಏಪ್ರಿಲ್ 11ರ ಶುಭಶುಕ್ರವಾರ ಸಂತ ಥಾಮಸನ ಚರ್ಚಿನಲ್ಲಿ ಮತ್ತಾಯನ ಸುವಾರ್ತೆಯನ್ನನುಸರಿಸಿದ ಯಾತನಾಗೀತವನ್ನು, ಎರಡು ಗಾಯಕಮೇಳಗಳನ್ನೂ ಎರಡು ವಾದ್ಯಮೇಳಗಳನ್ನೂ ಎದುರುಬದುರಾಗಿ ನಿಲ್ಲಿಸಿ ಮೊದಲ ಬಾರಿಗೆ ಹಾಡಿಸಿದಾಗ ಊರಿನವರು ಏನೆಂದರೆಂಬುದನ್ನು ತಿಳಿಸುವ ಒಂದು ಸಾಲು ಬರೆಹವೂ ನಮಗೆ ದೊರೆತಿಲ್ಲ. ವರ್ಷದ ಒಂದು ದಿನದ ಕರ್ತವ್ಯವು ಸಾಂಗವಾಗಿ ನೆರವೇರಿತು, ಅಷ್ಟೆ.

ಆ ಏರ್ಪಾಡಿನಲ್ಲಿ ನನ್ನ ಮನಸ್ಸನ್ನು ಬಹಳವಾಗಿ ನೋಯಿಸುವ ಅಂಶವೊಂದುಂಟು. ಬಾಖನ ಎರಡನೆಯ ಪತ್ನಿ ಅನ್ನಾ ಮ್ಯಾಗ್ಡಲೇನಳು ಕೋಥೆನ್ ಆಸ್ಥಾನದಲ್ಲಿ ಸಂಬಳ ಪಡೆಯುತ್ತಿದ್ದ ಗಾಯಕಿ. ಇಪ್ಪತ್ತು ವರ್ಷದ ಪ್ರಾಯದಲ್ಲಿ, 1721ರ ಡಿಸೆಂಬರಿನಲ್ಲಿ, ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದ ಬಾಖನನ್ನು ವರಿಸಿದವಳು. ಲೈಪ್‌ಜಿಗ್‌ನ ಚರ್ಚುಗಳಲ್ಲಿ ಸ್ತ್ರೀಯರು ಹಾಡುವಂತಿರಲಿಲ್ಲ. ಉಚ್ಚಸ್ಥಾಯಿಯ ಭಾಗಗಳನ್ನೆಲ್ಲ ಬಾಲಕರೇ ಹಾಡತಕ್ಕದ್ದು. ಹೀಗಾಗಿ, ಗಂಡನು ವಾರವಾರವೂ ರಚಿಸುತ್ತಿದ್ದ ಏಕಗಾನಗಳನ್ನು ಹಾಡಲು ಆ ಊರಿನಲ್ಲಿ ಅತ್ಯಂತ ಯೋಗ್ಯವಾಗಿದ್ದ ಕಂಠವೊಂದು ಆ ಚರ್ಚುಗಳಿಗೆ ಕೂಗಳತೆಯ ಮನೆಯಲ್ಲಿಯೇ ಇದ್ದೂ ಅಲ್ಲಿ ಒಂದು ದಿನವೂ ಕೇಳಿಸಲಿಲ್ಲ. ಹದಿಮೂರು ಮಕ್ಕಳನ್ನು ಹೆತ್ತು, ಅವರಲ್ಲಿ ಏಳು ಮಂದಿಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಆ ತಾಯಿಯು, ಗಂಡನ ಅಕ್ಷರವೋ ಅವಳದೋ ಎಂದು ಪಂಡಿತರು ಬಹುಕಾಲ ಭ್ರಮೆಗೊಳ್ಳುವಷ್ಟು ಅವನ ಬರವಣಿಗೆಯನ್ನು ಹೋಲುವ ಬರವಣಿಗೆಯಲ್ಲಿ ಅವನ ಕೃತಿಗಳನ್ನು ಪ್ರತಿ ಮಾಡುತ್ತ ಹೋದಳು.

ಬಾಖನಿಗೂ ಸಭೆಯವರಿಗೂ ಮನಸ್ತಾಪವು ಬೆಳೆಯಿತು. 1730ರ ಆಗಸ್ಟ್ 23ರಂದು ಅವನು ಸಭೆಗೆ ಬರೆದುಕೊಟ್ಟ ನಿವೇದನೆಯು, ಭಾವೋದ್ವೇಗವಿಲ್ಲದೆ ಲೆಕ್ಕದ ಭಾಷೆಯಲ್ಲಿ ಬರೆದುದಾದರೂ, ಓದುವವನನ್ನು ಕಲಕುವಂಥದು. ಒಂದು ಗಾಯಕಮೇಳದಲ್ಲಿ ಹನ್ನೆರಡು ಜನರಾದರೂ ಇರಬೇಕು, ಹದಿನಾರಿದ್ದರೆ ಲೇಸು; ವಾದ್ಯಕ್ಕೆ ಕನಿಷ್ಠ ಹದಿನೆಂಟು ಜನ ಬೇಕು; ಇರುವವರಾದರೋ ನಗರದ ನೇಮಕವುಳ್ಳ ಏಳು ಮಂದಿ ಮತ್ತು ಒಬ್ಬ ಶಿಷ್ಯ. ಶಾಲೆಯ ಹುಡುಗರಲ್ಲಿ ಉಪಯೋಗಕ್ಕೆ ಬರುವವರು 17, ಮುಂದೆ ಬರಬಹುದಾದವರು 20, ಎಂದಿಗೂ ಬಾರದವರು 17. ಡ್ರೆಸ್ಡೆನ್ ಆಸ್ಥಾನದ ವಾದ್ಯಗಾರರು ಜೀವನಚಿಂತೆಯಿಲ್ಲದೆ ತಲಾ ಒಂದೊಂದೇ ವಾದ್ಯವನ್ನು ಸಾಧಿಸಬಲ್ಲರು, ಇಲ್ಲಿಯವರಿಗೆ ಆ ಭಾಗ್ಯವೆಲ್ಲಿಯದು ಎಂಬುದು ಅದರ ಇಂಗಿತ. ಎರಡು ತಿಂಗಳು ಕಳೆದ ಮೇಲೆ, ಡಾನ್‌ಜಿಗ್‌ನಲ್ಲಿದ್ದ ಬಾಲ್ಯಮಿತ್ರನಾದ ಗೇಯೋರ್ಗ್ ಎರ್ಡ್‌ಮಾನನಿಗೆ ಬರೆದ ಕಾಗದದಲ್ಲಿ ಅವನು ತನ್ನ ವರಮಾನವನ್ನು ಬಿಚ್ಚಿ ಹೇಳಿದನು: ಒಟ್ಟು ಸುಮಾರು 700 ಥಾಲರುಗಳು, ಆದರೆ ಅದರ ದೊಡ್ಡ ಪಾಲು ಮದುವೆ ಶವಸಂಸ್ಕಾರಗಳ ದಕ್ಷಿಣೆಯಿಂದ ಬರತಕ್ಕದ್ದಾಗಿ, ಊರಿನ ಗಾಳಿಯು ಆರೋಗ್ಯಕರವಾದರೆ ಸಾವು ಕಡಿಮೆಯಾಗಿ ವರಮಾನವೂ ಇಳಿಯುವುದು, ಹಿಂದಿನ ವರ್ಷ ಹಾಗೆ ನೂರಕ್ಕೂ ಹೆಚ್ಚು ಥಾಲರು ನಷ್ಟವಾಯಿತು. ಇದನ್ನು ಓದಿ ಕೆಲವರು ಮನಸ್ಸನ್ನು ಮುದುಡಿಕೊಂಡಿದ್ದಾರೆ. ಆದರೆ ಸಾವಿಗೊಂದು ದರವನ್ನು ಗೊತ್ತುಮಾಡಿ, ಸತ್ತವನ ಅಂತಸ್ತಿಗೆ ತಕ್ಕಂತೆ ಶಾಲೆಯ ಎಲ್ಲ ಹುಡುಗರನ್ನೋ ಅರ್ಧವನ್ನೋ ಕಾಲುಭಾಗವನ್ನೋ ಹಾಡಲು ಕಳುಹಿಸುವ ಪದ್ಧತಿಯು ಊರಿನದು, ಬಾಖನದಲ್ಲ. ತುಂಬಿದ ಸಂಸಾರದ ಯಜಮಾನನು ತನ್ನ ಅನ್ನದ ಮೂಲವನ್ನು ಮರೆಮಾಚದೆ ಮಿತ್ರನಿಗೆ ಹೇಳಿಕೊಂಡುದರಲ್ಲಿ ನನಗೆ ಕಾಣುವುದು ಋಜುತ್ವವೇ.

ಇಷ್ಟಾದರೂ ಅವನು ಊರನ್ನು ಬಿಡಲಿಲ್ಲ; ಬಿಡದಂತೆ ಹಿಡಿದ ಆಕರ್ಷಣೆಗಳಲ್ಲಿ ಕಾಫಿ ಮನೆಯೂ ಒಂದಿರಬೇಕು. ಕ್ಯಾಥರೀನ್ ಬೀದಿಯಲ್ಲಿದ್ದ ಗಾಟ್‌ಫ್ರೀಡ್ ಝಿಮರ್‌ಮಾನನ ಕಾಫಿ ಮನೆಯಲ್ಲಿ, 1702ರಲ್ಲಿ ಟೆಲೆಮಾನನು ವಿದ್ಯಾರ್ಥಿಗಳನ್ನು ಕೂಡಿಸಿ ಸ್ಥಾಪಿಸಿದ್ದ ಸಂಗೀತಗೋಷ್ಠಿಯು ಶುಕ್ರವಾರಗಳಂದು ರಾತ್ರಿ ಎಂಟರಿಂದ ಹತ್ತರವರೆಗೆ ನಡೆಯುತ್ತಿತ್ತು. ಬೇಸಗೆಯಲ್ಲಿ ಬುಧವಾರ ಸಂಜೆ ನಾಲ್ಕರಿಂದ ಆರರವರೆಗೆ ಊರ ಬಾಗಿಲಿನ ಹೊರಗಣ ಝಿಮರ್‌ಮಾನನ ತೋಟದಲ್ಲಿ. ಮಹಾಸಂತೆಯ ದಿನಗಳಲ್ಲಿ ವಾರಕ್ಕೆರಡು ಬಾರಿ. 1729ರಲ್ಲಿ ಬಾಖನು ಇದರ ನಾಯಕತ್ವವನ್ನು ವಹಿಸಿ, ನಡುವೆ ಎರಡು ವರ್ಷ ಬಿಟ್ಟು, 1740ರ ಆಚೀಚೆಯವರೆಗೂ ನಡೆಸಿದನು. ಇಲ್ಲಿ ಸ್ತ್ರೀಯರು ಬಂದು ಕೇಳಬಹುದಾಗಿತ್ತು. ಪರವೂರಿನಿಂದ ಬಂದ ಕಲಾವಿದನು ಎದ್ದುನಿಂತು ನುಡಿಸಬಹುದಾಗಿತ್ತು. ಕೇಳುವವರ ನಡುವೆ ಗುಣದೋಷಗಳನ್ನು ಬಲ್ಲವರೂ ಇರುತ್ತಿದ್ದರು. ವೆನಿಸ್ಸಿನ ಆಂಟೋನಿಯೋ ವಿವಾಲ್ಡಿಯು ನಾಲ್ಕು ಪಿಟೀಲುಗಳಿಗೆಂದು ರಚಿಸಿ, 1711ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಗಿ, ಅಲ್ಲಿಂದ ಜರ್ಮನಿಯ ಆಸ್ಥಾನಗಳಿಗೆ ಹರಡಿದ್ದ ಕೃತಿಯೊಂದನ್ನು ಬಾಖನು ನಾಲ್ಕು ಹಾರ್ಪ್ಸಿಕಾರ್ಡುಗಳಿಗೆ ಮಾರ್ಪಡಿಸಿದುದು ಈ ಗೋಷ್ಠಿಗಾಗಿಯೇ ಎಂದು ಊಹಿಸುತ್ತಾರೆ. ವೆನಿಸ್ಸಿನ ರಾಗವು ಹಾಲೆಂಡಿನ ಅಚ್ಚಿನಮನೆಯ ದಾರಿಯಾಗಿ ಸ್ಯಾಕ್ಸನಿಯ ಕಾಫಿ ಮನೆಯನ್ನು ಸೇರಿದ ಆ ಪಯಣದಲ್ಲಿ ಅಂದಿನ ಯೂರೋಪಿನ ಸಂಗೀತಲೋಕವೆಲ್ಲ ಅಡಗಿದೆ. ಕಾಫಿಯ ಚಟವನ್ನು ಬಿಡದ ಮಗಳನ್ನೂ ಅವಳನ್ನು ಬಿಡಿಸಹೊರಟ ತಂದೆಯನ್ನೂ ಕುರಿತ ವಿನೋದದ ಕ್ಯಾಂಟಾಟಾ ಹುಟ್ಟಿದುದೂ ಆ ವರ್ಷಗಳಲ್ಲಿಯೇ. ಅದರ ಸಾಹಿತ್ಯವನ್ನು ಬರೆದ ಪಿಕಾಂಡರ್ ಅಂಚೆ ಇಲಾಖೆಯ ನೌಕರ, ಯಾತನಾಗೀತದ ಸಾಹಿತ್ಯವನ್ನು ಒದಗಿಸಿದವನೂ ಅವನೇ.

ಈ ಊರಿನ ಸಂಗೀತಗಾರರಲ್ಲಿ ಬಾಖನನ್ನು ಬಿಟ್ಟರೆ ನನ್ನ ಮನಸ್ಸಿನಲ್ಲಿ ನಿಂತವನು ಗಾಟ್‌ಫ್ರೀಡ್ ರೈಖೆ. ನಗರದ ವಾದ್ಯಗಾರರಲ್ಲಿ ಹಿರಿಯನಾದ ಈತನು ಕಹಳೆಯಲ್ಲಿ ಅದ್ವಿತೀಯ. ಅಂದಿನ ಕಹಳೆಗೆ ಬೆರಳಿಡುವ ಕೀಲಿಗಳಿರಲಿಲ್ಲವಾಗಿ, ಮೇಲಿನ ಸ್ಥಾಯಿಯ ಪ್ರತಿಯೊಂದು ಸ್ವರವನ್ನೂ ತುಟಿಯ ಬಿಗಿಯಿಂದಲೇ, ಉಸಿರಿನ ಹದದಿಂದಲೇ ಹೊರಡಿಸಬೇಕಾಗಿತ್ತು. ಬಾಖನ ಕೃತಿಗಳಲ್ಲಿ ಕಹಳೆಯು ಏರುವ ದುರ್ಗಮವಾದ ಎತ್ತರಗಳನ್ನು ಕೇಳಿದಾಗ, ಅವು ಬರಿಯ ಕಲ್ಪನೆಯಿಂದ ಹುಟ್ಟಿದುವಲ್ಲ, ಅವನ್ನು ಏರಬಲ್ಲ ಒಬ್ಬ ಮನುಷ್ಯನು ಎದುರಿಗಿದ್ದುದರಿಂದ ಹುಟ್ಟಿದುವು ಎಂಬುದನ್ನು ನಾವು ಮರೆಯಬಾರದು. 1734ರ ಅಕ್ಟೋಬರಿನಲ್ಲಿ ಅರಸನಾದ ಮೂರನೆಯ ಆಗಸ್ಟಸನು ಅನಿರೀಕ್ಷಿತವಾಗಿ ಲೈಪ್‌ಜಿಗ್‌ಗೆ ಬಂದಾಗ, ಅವನು ಪೋಲೆಂಡಿನ ಸಿಂಹಾಸನಕ್ಕೆ ಆಯ್ಕೆಯಾದ ದಿನದ ವಾರ್ಷಿಕೋತ್ಸವಕ್ಕೆಂದು ವಿದ್ಯಾರ್ಥಿಗಳು ಸಂಗೀತಸೇವೆಯನ್ನು ಗೊತ್ತುಮಾಡಿದರು. ಬಾಖನು ಕೆಲವೇ ದಿನಗಳಲ್ಲಿ ಅದಕ್ಕೆ ಬೇಕಾದ ಕೃತಿಯನ್ನು ರಚಿಸಿಕೊಟ್ಟನು. 5ನೆಯ ತಾರೀಖು ರಾತ್ರಿ, ಮಾರುಕಟ್ಟೆಯ ಚೌಕದಲ್ಲಿ ಅರಸನು ಇಳಿದುಕೊಂಡಿದ್ದ ಮನೆಯ ಮುಂದೆ, ಆರುನೂರು ವಿದ್ಯಾರ್ಥಿಗಳು ದೀವಟಿಗೆ ಹಿಡಿದು ನಿಂತಿರಲು, ಕೃತಿಯು ಭರದಿಂದ ನಡೆಯಿತು. ಮರುದಿನ, ನಗರದ ವಾದ್ಯಗಾರರು ವಾಸಿಸುವ ಓಣಿಯಲ್ಲಿ, ತನ್ನ ಮನೆಯ ಹತ್ತಿರದಲ್ಲಿಯೇ, ರೈಖೆಯು ಕುಸಿದುಬಿದ್ದು ಪ್ರಾಣಬಿಟ್ಟನು. ಹಿಂದಿನ ರಾತ್ರಿ ಊದಿದ ಆಯಾಸವೂ ಪಂಜುಗಳ ಹೊಗೆಯೂ ಅವನಿಗೆ ಮೃತ್ಯುವಾದುವೆಂದು ಊರಿನ ವೃತ್ತಾಂತಕಾರನು ಬರೆದಿಟ್ಟಿದ್ದಾನೆ. ಆಗ ಅವನಿಗೆ 67 ವರ್ಷ. ಬಾಖನ ಪ್ರಸಿದ್ಧವಾದ ಚಿತ್ರವನ್ನು ಬರೆದ ಹೌಸ್‌ಮಾನನೇ ರೈಖೆಯನ್ನೂ, ಸುತ್ತಿದ ಕಹಳೆಯನ್ನು ಕೈಯಲ್ಲಿ ಹಿಡಿದಂತೆ, ಚಿತ್ರಿಸಿದ್ದಾನೆ.

ಆ ರಾತ್ರಿಯ ಸಂಗೀತವು ಅಲ್ಲಿಗೇ ಮುಗಿಯಲಿಲ್ಲ. ಅರಸರ ಹುಟ್ಟುಹಬ್ಬ, ಪಟ್ಟಾಭಿಷೇಕ ಮೊದಲಾದ ಸಂದರ್ಭಗಳು ಒಮ್ಮೆ ಬಂದು ಹೋಗತಕ್ಕವು. ಅವಕ್ಕೆಂದು ರಚಿಸಿದ ಕೃತಿಗೆ ಮರುದಿನ ಸ್ಥಾನವಿಲ್ಲ. ಚರ್ಚಿನ ಪಂಚಾಂಗವಾದರೋ ಪ್ರತಿವರ್ಷವೂ ಮರಳುವುದು. ಆದುದರಿಂದ ಬಾಖನು ಮೊದಲನೆಯದರ ರಾಗವನ್ನು ಹೊಸ ಸಾಹಿತ್ಯದೊಡನೆ ಎರಡನೆಯದಕ್ಕೆ ಸೇರಿಸುತ್ತಿದ್ದನು. 1734ರ ಕ್ರಿಸ್‌ಮಸ್ಸಿನಿಂದ 1735ರ ಜನವರಿ 6ರವರೆಗೆ ಆರು ದಿನಗಳಿಗೆ ಹಂಚಿ ಹಾಡಿಸಿದ ಕ್ರಿಸ್‌ಮಸ್ ಆರಟೋರಿಯೋದಲ್ಲಿ ಹಿಂದಿನ ವರ್ಷ ರಾಣಿಗೂ ಯುವರಾಜನಿಗೂ ಅರ್ಪಿಸಿದ ರಾಗಗಳು ಸೇರಿಹೋಗಿವೆ. ರೈಖೆಯು ಕೊನೆಯ ಬಾರಿಗೆ ಊದಿದ ಕೃತಿಯ ಮೊದಲ ಮೇಳಗಾನದ ಸಂಗೀತವು ಬಿ ಮೈನರ್ ಮಾಸ್ ಎಂಬ ಮಹಾಕೃತಿಯ ಹೊಸನ್ನಾ ಭಾಗದಲ್ಲಿ ಕೇಳಿಬರುತ್ತದೆ. ಅರಸನನ್ನು ಹೊಗಳಿದ ರಾಗದಿಂದ ದೇವರನ್ನು ಹೊಗಳಬಹುದೇ ಎಂಬ ಆಕ್ಷೇಪವು ಅಂದಿನವರನ್ನು ಬಾಧಿಸಲಿಲ್ಲ. ಸಂತೋಷವು ಎಲ್ಲಿಯದಾದರೂ ಸಂತೋಷವೇ, ಅದಕ್ಕೆ ತಕ್ಕ ನಾದವು ಒಂದೇ ಎಂದು ಅವರು ಬಗೆದಿದ್ದರು. ನನಗೂ ಅದು ಸರಿಯೆಂದೇ ತೋರುತ್ತದೆ.

1749ರ ಜೂನ್ ತಿಂಗಳಿನಲ್ಲಿ, ಬಾಖನು ಇನ್ನೂ ಬದುಕಿರುವಾಗಲೇ, ಸಭೆಯವರು ಅವನ ಸ್ಥಾನಕ್ಕೆ ಮುಂದೆ ಬರತಕ್ಕ ಗಾಟ್‌ಲೋಬ್ ಹಾರರ್‌ನನ್ನು ಕರೆಸಿ ಪರೀಕ್ಷೆ ಮಾಡಿದರು. ಮರುವರ್ಷದ ವಸಂತದಲ್ಲಿ ಜಾನ್ ಟೇಲರ್ ಎಂಬ ಆಂಗ್ಲ ನೇತ್ರವೈದ್ಯನು ಮಾಡಿದ ಎರಡು ಶಸ್ತ್ರಕ್ರಿಯೆಗಳಿಂದ ದೃಷ್ಟಿಯು ಪೂರ್ತಿಯಾಗಿ ಹೋಗಿ, ದೇಹವೂ ಕುಗ್ಗಿ, 1750ರ ಜುಲೈ 28ರಂದು ಬಾಖನು ತೀರಿಕೊಂಡನು. ಅನ್ನಾ ಮ್ಯಾಗ್ಡಲೇನಳು ಸ್ತುತಿಗೀತೆಗಳನ್ನಾಧರಿಸಿದ ಕ್ಯಾಂಟಾಟಾಗಳ ಬಿಡಿಹಾಳೆಗಳನ್ನು ಶಾಲೆಗೆ ಒಪ್ಪಿಸಿದಳು. ಹತ್ತು ವರ್ಷಗಳ ಅನಂತರ, ಧರ್ಮದ ಹಣದಿಂದ ಜೀವಿಸುವ ವಿಧವೆಯಾಗಿ ಅದೇ ಊರಿನಲ್ಲಿ ಕಣ್ಣು ಮುಚ್ಚಿದಳು. ಮೂಲಪ್ರತಿಗಳು ಗಂಡುಮಕ್ಕಳಿಗೆ ಹಂಚಿಹೋಗಿ, ಹಲವು ಕಳೆದುಹೋದುವು. ಬಾಖನ ‘ಫ್ಯೂಗ್ ಕಲೆ’ ಎಂಬ ಕೃತಿಯ ಅಚ್ಚಾದ ಪ್ರತಿಗಳಲ್ಲಿ 1756ರ ವೇಳೆಗೆ ಮಾರಾಟವಾಗಿದ್ದುದು ಸುಮಾರು ಮೂವತ್ತು ಮಾತ್ರವಾಗಿ, ಮಗ ಎಮಾನುಯೆಲನು ಅದರ ತಾಮ್ರದ ಫಲಕಗಳನ್ನು ಮಾರಾಟಕ್ಕಿಟ್ಟನು.

ಶಾಲೆಯ ಹುಡುಗರು ಹಾಡುವುದನ್ನು ಮಾತ್ರ ಬಿಡಲಿಲ್ಲ. 1789ರಲ್ಲಿ ಮೊಜಾರ್ಟನು ಲೈಪ್‌ಜಿಗ್‌ಗೆ ಬಂದಾಗ, ಬಾಖನ ಶಿಷ್ಯನೇ ಆಗಿದ್ದ ಅಂದಿನ ಕ್ಯಾಂಟರ್ ಡೋಲೆಸನು ಎರಡು ಮೇಳಗಳಿಗೆಂದು ಬಾಖನು ರಚಿಸಿದ್ದ ಮೊಟೆಟ್ ಎಂಬ ಮೇಳಗಾನವೊಂದನ್ನು ಅವರಿಂದ ಹಾಡಿಸಿದನಂತೆ. ಕೇಳುತ್ತ ಕುಳಿತಿದ್ದ ಮೊಜಾರ್ಟನು ಬೆರಗಾಗಿ, ಇಂಥ ಕೃತಿಗಳು ಶಾಲೆಯಲ್ಲಿ ಇನ್ನೂ ಇವೆಯೆಂದು ತಿಳಿದು, ಅವನ್ನು ತರಿಸಿದನು. ಇದ್ದುದು ಒಬ್ಬೊಬ್ಬ ಗಾಯಕನ ಬಿಡಿಹಾಳೆಗಳು ಮಾತ್ರ. ಅವುಗಳನ್ನೇ ಎರಡು ಕೈಗಳಲ್ಲಿ, ಮೊಣಕಾಲುಗಳ ಮೇಲೆ, ಪಕ್ಕದ ಕುರ್ಚಿಗಳ ಮೇಲೆ ಹರಡಿಕೊಂಡು, ಎಲ್ಲವನ್ನೂ ನೋಡಿ ಮುಗಿಸುವವರೆಗೆ ಎದ್ದೇಳಲಿಲ್ಲವೆಂದು ಅಲ್ಲಿದ್ದ ರೋಖ್‌ಲಿಟ್ಸ್ ಎಂಬವನು ಬರೆದಿದ್ದಾನೆ. ಹೊರಡುವ ಮುನ್ನ ಅವನು ತನಗೊಂದು ಪ್ರತಿ ಬೇಕೆಂದು ಕೇಳಿಕೊಂಡನು. ಆ ಮೊಟೆಟ್‌ನ ಪ್ರತಿಯೊಂದು, ಮೊಜಾರ್ಟನ ಕೈಬರೆಹದ ಟಿಪ್ಪಣಿಯೊಡನೆ, ವಿಯೆನ್ನಾ ನಗರದಲ್ಲಿದೆ.